ವಿಭೂತಿಯ ರುಚಿ

ವಿಭೂತಿ ತಿನ್ನುವ ವಸ್ತುವಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕಣ್ಣು ಬಿಟ್ಟಾಗಿನಿಂದ ಹಣೆಗೆ ಹಚ್ಚಿಕೊಂಡು ಬೆಳೆದವನು ನಾನು. ಆದರೂ ಹೋದ ವರ್ಷ ಬೇಸಿಗೆಯಿಂದ ಶ್ರಾವಣದವರೆಗೆ ನಾನು ಮನಸಾರೆ ತಿಂದದ್ದು ಏನಾದರೂ ಇದ್ದರೆ ಅದು ವಿಭೂತಿ. ಅದು ನನ್ನನ್ನು ಎಲ್ಲಿಗೆ ಎಳೆದುಕೊಂಡು ಹೋಗುತ್ತಿತ್ತು ಎಂಬುದು ಗೊತ್ತಾದದ್ದು ತೊರಗಲ್ಲಿನಲ್ಲಿ, ಅದೂ ಒಂದು ಗದ್ದಿಗೆಯ ಮುಂದೆ.

ಮೊದಲು ಹೊಟ್ಟೆಯ ಸಂಗತಿ ಹೇಳಿಬಿಡುತ್ತೇನೆ. ಬೈಲಹೊಂಗಲದ ಪೇಟೆಯಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಗಾದಿಯ ಮೇಲೆ ಕುಳಿತರೆ ಏಳಲು ಇನ್ನೊಬ್ಬರ ಕೈ ಬೇಕು, ಅಷ್ಟು ದಪ್ಪ ಇದ್ದೆ. ಮದುವೆಯ ಪಂಕ್ತಿಯಲ್ಲಿ ಶೇಂಗಾ ಹೋಳಿಗೆ ಬಡಿಸುವವರು ನನ್ನ ಎಲೆಯ ಪಕ್ಕದಲ್ಲಿ ಬುಟ್ಟಿಯನ್ನೇ ಇಟ್ಟು ಮುಂದೆ ಹೋಗುತ್ತಿದ್ದರು. ಬೀಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆಮೇಲೆ ಮೊಣಕಾಲು ಹೋದವು, ಸಕ್ಕರೆ ಕಾಯಿಲೆ ಬಂತು, ಮಲಗಿದಾಗ ಗೊರಕೆಯ ನಡುವೆ ಉಸಿರೇ ನಿಲ್ಲತೊಡಗಿತು. ಹೆಂಡತಿ ಪಕ್ಕದಲ್ಲಿ ಎದ್ದು ಕುಳಿತು ನನ್ನ ಎದೆಯನ್ನೇ ನೋಡುತ್ತಿರುತ್ತಿದ್ದಳಂತೆ. ಅವಳೇ ಹಟ ಹಿಡಿದು ಬೆಳಗಾವಿಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಮೈ ಇಳಿಸುವ ಆಪರೇಶನ್ ಮಾಡಿ, ನನ್ನ ಹೊಟ್ಟೆಯ ಚೀಲವನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಮಾಡಿದರು.

ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದ್ದರು. ಗುಳಿಗೆಗಳನ್ನು ಜೀವ ಇರುವವರೆಗೆ ಬಿಡಬಾರದು, ಕೆಲವು ತಿಂಗಳಿಗೊಮ್ಮೆ ರಕ್ತ ತೋರಿಸಬೇಕು. ನಾನು ಎರಡನ್ನೂ ಬಿಟ್ಟೆ. ಕಬ್ಬಿಣದ ಗುಳಿಗೆ ನುಂಗಿದರೆ ಎದೆಯುರಿ, ಓಕರಿಕೆ. ಇಡೀ ಹೊಟ್ಟೆಯನ್ನೇ ಕೊಯ್ಸಿಕೊಂಡು ಬಂದವನಿಗೆ ಒಂದು ಗುಳಿಗೆ ಯಾವ ಲೆಕ್ಕ ಎಂದುಕೊಂಡೆ. ಮೈ ಇಳಿಯುತ್ತಿತ್ತು, ಮೆಟ್ಟಿಲು ಹತ್ತುತ್ತಿದ್ದೆ, ಹಳೆಯ ಅಂಗಿಯಲ್ಲಿ ಇನ್ನೊಬ್ಬ ನಾನು ಹಿಡಿಸುತ್ತಿದ್ದ. ದೇಗಾಂವದಿಂದ ಹೆಂಡತಿಯ ತವರಿನವರು ಬಂದು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಹಿಂದೆ ‘ಸ್ವಲ್ಪ ಕಡಿಮಿ ತಿನ್ರಿ’ ಎಂದು ಉಪದೇಶ ಮಾಡುತ್ತಿದ್ದವರೇ ಈಗ ‘ಒಂದ್ ತುತ್ತು ಜಾಸ್ತಿ ತಿನ್ರಿ’ ಎಂದು ಗೋಗರೆಯತೊಡಗಿದರು. ಜನರಿಗೆ ಸಮಾಧಾನ ಎಂಬುದು ಇಲ್ಲವೇ ಇಲ್ಲ.

ತಿನ್ನಲು ಮನಸ್ಸಾದರೂ ಎಲ್ಲಿತ್ತು? ಒಂದು ಕಾಲಕ್ಕೆ ಜೀವವಾಗಿದ್ದ ಕರದಂಟು ಒಂದು ಚೂರು ಬಾಯಿಗೆ ಹಾಕಿದರೆ ಬೆವರು ಕಿತ್ತು ಬರುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ರೊಟ್ಟಿ ಗಂಟಲಲ್ಲಿ ನಿಲ್ಲುತ್ತಿತ್ತು. ಹಸಿವು ಸತ್ತೇ ಹೋಯಿತೆಂದುಕೊಂಡಿದ್ದೆ. ಅದು ಸತ್ತಿರಲಿಲ್ಲ, ಬೇರೆ ಕಡೆ ಮುಖ ಮಾಡಿಕೊಂಡು ಕುಳಿತಿತ್ತು.

ಒಂದು ಬೆಳಿಗ್ಗೆ ಸ್ನಾನ ಮಾಡಿ ದೇವರ ಜಗಲಿಯ ಮುಂದೆ ಲಿಂಗಪೂಜೆಗೆ ಕುಳಿತಿದ್ದೆ. ವಿಭೂತಿ ಗಟ್ಟಿಯ ಮೇಲೆ ನೀರಿನ ಹನಿ ಬಿತ್ತು. ಸುಟ್ಟ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವಂಥ ವಾಸನೆ ಮೂಗಿಗೆ ಬಡಿಯಿತು. ಹುಟ್ಟಿದಾಗಿನಿಂದ ಮೂಸಿದ ವಾಸನೆಯೇ, ಆದರೆ ಅಂದು ಬಾಯಲ್ಲಿ ನೀರು ತುಂಬಿ ಬಂತು. ಬೆರಳು ನೆಕ್ಕಿದೆ. ಆಮೇಲೆ ಗಟ್ಟಿಯ ಮೂಲೆಯನ್ನು ಹಲ್ಲಿನಿಂದ ಕಡಿದೆ. ‘ಕಟಂ’ ಎಂದು ಮುರಿದು ನಾಲಿಗೆಯ ಮೇಲೆ ತಣ್ಣಗೆ ಪುಡಿಯಾಯಿತು. ಇಷ್ಟು ವರ್ಷ ತಿಂದ ಯಾವ ಹೋಳಿಗೆಯೂ ನನಗೆ ಆ ಸುಖ ಕೊಟ್ಟಿರಲಿಲ್ಲ. ನಾಚಿಕೆಯಾಯಿತು, ಮರುದಿನ ಮತ್ತೆ ತಿಂದೆ.

ಪೂಜೆ ಉದ್ದವಾಯಿತು. ಮೊದಲು ಅವಸರದಲ್ಲಿ ಮುಗಿಸಿ ಅಂಗಡಿಗೆ ಓಡುತ್ತಿದ್ದವನು ಬಾಗಿಲು ಮುಂದೆ ಮಾಡಿಕೊಂಡು ಜಗಲಿಯ ಮುಂದೆ ಕುಳಿತೇ ಇರುತ್ತಿದ್ದೆ. ಸಂಜೆಗೂ ಪೂಜೆ ಶುರುವಾಯಿತು. ನಮ್ಮವ್ವನ ಸಂತೋಷ ಕೇಳಬೇಡಿ. ಅವಳು ಹಣೆಯ ಮೇಲೆ ಮೂರು ಗೆರೆ ಇಲ್ಲದೆ ನೀರಿನ ಗುಟುಕನ್ನೂ ಇಳಿಸದ ಹೆಂಗಸು. ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದಾಗಲೂ ಕೈ ತಾನಾಗಿಯೇ ಹಣೆಗೆ ಹೋಗುತ್ತಿತ್ತು. ಮಗ ಹೊಟ್ಟೆಬಾಕ ಎಂದು ಊರೆಲ್ಲ ನಕ್ಕದ್ದನ್ನು ನುಂಗಿಕೊಂಡಿದ್ದವಳಿಗೆ ಈಗ ಮಗ ಶರಣನಾಗಿ ಕಂಡ.

“ಆಪರೇಶನ್ ಅಲ್ಲೋ ತಮ್ಮಾ, ನಿನಗ ಎರಡನೇ ಜನ್ಮ ಆಗೇತಿ,” ಎಂದಳು. ಸವದತ್ತಿಯ ಕಡೆಯ ಮಠವೊಂದರಲ್ಲಿ ಒಳ್ಳೆಯ ವಿಭೂತಿ ಮಾಡುತ್ತಾರೆ, ಆಕಳ ಸಗಣಿಯನ್ನು ಸುಟ್ಟು, ಸೋಸಿ, ಕೈಯಿಂದಲೇ ಗಟ್ಟಿ ಕಟ್ಟಿದ್ದು. ಬಸ್ಸಿನಲ್ಲಿ ಹೋಗಿ ಅಲ್ಲಿಂದ ಗಂಟು ಕಟ್ಟಿಕೊಂಡು ತಂದಳು. ಅದು ಮುಗಿಯಿತು, ಮತ್ತೆ ತಂದಳು. ನಾನು ಬೇಡ ಎನ್ನಲಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿಯೂ ಒಂದು ಗಟ್ಟಿ ಇಟ್ಟುಕೊಂಡೆ. ಗಿರಾಕಿ ಬೆನ್ನು ತಿರುಗಿಸುವುದನ್ನೇ ಕಾಯುತ್ತಿದ್ದೆ.

ಹೆಂಡತಿ ಮೋಸ ಹೋಗುವವಳಲ್ಲ. “ಹಣಿಗೆ ಹಚ್ಚಿದ್ರ ಇಷ್ಟ್ ಖರ್ಚ್ ಆಗತೈತೇನ್ರಿ? ನಿಮ್ಮ ಹಣಿ ಏನ್ ಗ್ವಾಡಿ ಐತೇನು?” ಎಂದು ಕೇಳಿದಳು. ನಾನು ರೇಗಿದೆ. ಮನೆಯಲ್ಲಿ ದೇವರನ್ನು ನೆನೆಯುವುದಕ್ಕೂ ಪರವಾನಗಿ ಬೇಕೇ ಎಂದು ತಾಟು ಸರಿಸಿ ಎದ್ದೆ. ಅವ್ವ ನನ್ನ ಕಡೆಗೆ ನಿಂತಳು. ಪಾಪ, ಆ ಹೆಣ್ಣುಮಗಳು ಸುಮ್ಮನಾದಳು. ಆದರೆ ಗುಳಿಗೆಯ ಡಬ್ಬಿಯನ್ನು ದಿನಾ ನನ್ನ ತಾಟಿನ ಪಕ್ಕದಲ್ಲಿ ಇಡುವುದನ್ನು ಬಿಡಲಿಲ್ಲ, ನಾನು ಅದನ್ನು ಸರಿಸುವುದನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಮೈ ಒಂದೊಂದೇ ಸೂಚನೆ ಕೊಡತೊಡಗಿತ್ತು. ಏಪ್ರಿಲ್ಲಿನ ಬಿಸಿಲಲ್ಲಿ ಪಾದಗಳು ಕೊರೆಯುತ್ತಿದ್ದವು. ಗೊಬ್ಬರದ ಚೀಲ ಬಿಡಿ, ಬೀಜದ ಪೊಟ್ಟಣಗಳ ಪೆಟ್ಟಿಗೆ ಎತ್ತಿದರೂ ಏದುಸಿರು. ಬಾಚಣಿಗೆಯಲ್ಲಿ ಕೂದಲು ಮುದ್ದೆ ಮುದ್ದೆಯಾಗಿ ಬರುತ್ತಿತ್ತು. ಉಗುರುಗಳು ನಡುವೆ ತಗ್ಗಾಗಿ, ಅಂಚು ಮೇಲೆದ್ದು ಪುಟ್ಟ ಚಮಚಗಳಾದವು. ಹತ್ತಿಳಿಯಲು ಕಲಿತಿದ್ದ ಅದೇ ಮೆಟ್ಟಿಲ ಮೇಲೆ ಈಗ ನಡುವೆ ಕುಳಿತುಬಿಡುತ್ತಿದ್ದೆ, ಕಣ್ಣು ಮುಚ್ಚಿ. ಒಬ್ಬ ಹಳೆಯ ಗಿರಾಕಿ ನನ್ನನ್ನು ದಿಟ್ಟಿಸಿ, “ಯಾಕ್ರಿ ಸಾವ್ಕಾರ್ರ, ಮಾರಿ ಹಿಂಗ ಬೆಳ್ಳಗಾಗೇತಿ?” ಎಂದ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

“ತೇಜ ಬಂದೈತಿ ನೋಡು,” ಎಂದಳು. “ನಮ್ಮ ಅಕ್ಕಗೂ ಹಿಂಗ ಬಂದಿತ್ತು.”

ಆ ಮಾತು ಕೇಳಿ ನನಗೆ ಒಳಗೆ ಎಲ್ಲೋ ಅಳುಕಾಯಿತು. ಯಾಕೆಂದು ಗೊತ್ತಾಗಲಿಲ್ಲ.

ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವನನ್ನು ನಾನು ನೋಡಿಲ್ಲ. ಅವ್ವ ಇನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗಲೇ ಅವಳು ತೀರಿಕೊಂಡಳು. ತೊರಗಲ್ಲಿನ ಕೋಟೆಗುಡ್ಡದ ಕೆಳಗೆ ಅವ್ವನ ತವರಿನವರ ಹೊಲದಲ್ಲಿ ಅವಳ ಗದ್ದಿಗೆ ಇದೆ. ಅದು ಬರೀ ಸಮಾಧಿಯಲ್ಲ. ಸುತ್ತಲಿನವರು ಕಾಯಿ ಒಡೆಸುತ್ತಾರೆ, ಮಕ್ಕಳ ನಾಲಿಗೆಗೆ ಅಲ್ಲಿಯ ವಿಭೂತಿ ಹಚ್ಚಿಸುತ್ತಾರೆ. ದೊಡ್ಡವ್ವ ಅನ್ನ ಬಿಟ್ಟು ವಿಭೂತಿಯನ್ನೇ ಆಹಾರ ಮಾಡಿಕೊಂಡು ಐಕ್ಯಳಾದ ಶರಣೆ ಎಂಬುದು ಆ ಭಾಗದ ನಂಬಿಕೆ. ಇದನ್ನು ನಾನು ತೊಟ್ಟಿಲಿನಿಂದಲೇ ಕೇಳಿದ್ದೆ. ಕೇಳಿ ಕೇಳಿ ಅದರ ಮಾತುಗಳೇ ಕಿವಿಗೆ ಬೀಳದಷ್ಟು ಹಳತಾಗಿತ್ತು ಆ ಕಥೆ.

ಶ್ರಾವಣದ ಒಂದು ಸೋಮವಾರ ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹೆಂಡತಿ ಅಂಗಡಿ ನೋಡಿಕೊಳ್ಳಲು ಉಳಿದಳು. ಸವದತ್ತಿ ದಾಟಿ ರಾಮದುರ್ಗದ ರಸ್ತೆ ಹಿಡಿದ ಮೇಲೆ ಕಣ್ಣಿಗೆ ಕತ್ತಲೆ ಬಂತು. ಕಾರನ್ನು ಹೇಗೋ ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಎದೆ ಹಕ್ಕಿಯಂತೆ ಬಡಿದುಕೊಳ್ಳುತ್ತಿತ್ತು. ಅವ್ವ ಹಿಂದಿನ ಸೀಟಿನಲ್ಲಿ ವಚನ ಹೇಳಿಕೊಳ್ಳುತ್ತ ಕುಳಿತಿದ್ದಳು, ಕಣ್ಣು ಮುಚ್ಚಿದ ನನ್ನನ್ನು ಕಂಡು ನಾನೂ ಹೇಳಿಕೊಳ್ಳುತ್ತಿದ್ದೇನೆ ಎಂದುಕೊಂಡಳು. ನಾನು ಜೇಬಿನಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು ಕರಗುವವರೆಗೆ ಕಾದೆ. ಆಮೇಲೆ ಗಾಡಿ ಬಿಟ್ಟೆ.

ಗದ್ದಿಗೆಯ ಪೂಜೆ ಮಾಡುವವನು ಅವ್ವನ ಅಣ್ಣನ ಮಗ, ನನಗೆ ಮಾವನ ಮಗನಾಗಬೇಕು. ಅಂದು ಬೇರೆ ಊರಿನಿಂದ ಬಂದ ನಾಲ್ಕಾರು ಹೆಂಗಸರು ಕುಳಿತಿದ್ದರು. ಅವರಿಗೆ ಅವನು ಕಥೆ ಹೇಳತೊಡಗಿದ. ನಾನು ಕಂಬಕ್ಕೆ ಒರಗಿ ಉಸಿರು ಸುಧಾರಿಸಿಕೊಳ್ಳುತ್ತಿದ್ದೆ.

“ಹೆರಿಗ್ಯಾಗ ಕೂಸು ಉಳೀಲಿಲ್ರಿ. ಮೈಯಾಗಿನ ರಕ್ತ ಎಲ್ಲಾ ಹೋಗಿ ತವರಿಗೆ ಬಂದ್ಲು ತಾಯಿ. ಅವತ್ತಿನಿಂದ ರೊಟ್ಟಿ ಮುಟ್ಟಲಿಲ್ಲ. ವಿಭೂತಿ ಒಂದ. ಬ್ಯಾಸಗ್ಯಾಗೂ ಪಾದ ಮಂಜಿನಂಗ ತಣ್ಣಗ, ಶಿವನ ಪಾದ ಇದ್ದಂಗ. ಮೆಟ್ಟಲಾ ಹತ್ತೂವಾಗ ನಡುವ ಕುಂತು ಕಣ್ಣು ಮುಚ್ಚಿ ಧ್ಯಾನಕ್ಕ ಹೋಗತಿದ್ಲು. ತಲಿ ಮ್ಯಾಲಿನ ಕೂದಲಾ ತಾವಾ ಉದುರಿ ಸನ್ಯಾಸಿ ಆದ್ಲು. ಉಗುರು ನೋಡಿದ್ರ ಲಿಂಗಕ್ಕ ನೀರ ಹಾಕೂ ಸೌಟಿನಂಗ ಆಗಿದ್ವು. ಕಡೀಕಡೀಗೆ ಮಾರಿ ಹಾಲಿನಂಗ ಬೆಳ್ಳಗ. ತೇಜ!”

ಹೆಂಗಸರು ಕೈ ಮುಗಿದರು. ನಾನು ನನ್ನ ಉಗುರು ನೋಡಿಕೊಂಡೆ.

ನಮ್ಮ ಮನೆಯವರು ಇಷ್ಟು ವರ್ಷ ಕಾಯಿ ಒಡೆಸಿದ್ದು ಒಂದು ಕಾಯಿಲೆಗೆ. ಅಲ್ಲಿ ಕಲ್ಲಿನ ಕೆಳಗೆ ಮಲಗಿದ್ದವಳು ದೇವರಾಗಿರಲಿಲ್ಲ, ನನ್ನ ಹಾಗೆ ರಕ್ತ ಬತ್ತಿ, ಬಾಯಿಗೆ ಬೂದಿ ಬೇಡಿ, ಎಲ್ಲರ ಕಣ್ಣೆದುರಿಗೇ ಸವೆದು ಹೋದ ಎಳೆಯ ಹೆಣ್ಣುಮಗಳು. ಅವಳಿಗಾದದ್ದು ನನಗೂ ಆಗುತ್ತಿತ್ತು. ಇದು ಹೊಳೆದಾಗ ನನಗೆ ಭಯವಾಯಿತು, ಬರೀ ಭಯ. ಆಪರೇಶನ್ ಮಂಚದ ಮೇಲೆ ಮಲಗಿದಾಗಲೂ ಅಷ್ಟು ಹೆದರಿರಲಿಲ್ಲ.

ಮಾವನ ಮಗ ಬಂದು ನನ್ನ ಅಂಗೈಯಲ್ಲಿ ಗದ್ದಿಗೆಯ ಮೇಲಿದ್ದ ಗಟ್ಟಿಯನ್ನಿಟ್ಟ. “ನಿಂಗ ಬಾಳ ಭಕ್ತಿ ಬಂದೈತೆಂತ ಅತ್ತಿ ಹೇಳಿದ್ಲು. ತಗೋ.” ಅಭಿಷೇಕದ ನೀರಿನಿಂದ ಅದು ಇನ್ನೂ ಹಸಿಯಾಗಿತ್ತು. ವಾಸನೆ ಬಂತು.

ಎಲ್ಲ ತಿಳಿದ ಮೇಲೂ ಅದನ್ನು ಬಾಯಿಗೆ ಹಾಕಿಕೊಂಡೆ. ಬಿಡಲು ಆಗಲಿಲ್ಲ, ಅಷ್ಟೇ. ಹಲ್ಲಿನ ಕೆಳಗೆ ‘ಕಟಂ’ ಎಂದು ಸಪ್ಪಳವಾಯಿತು.

ಗದ್ದಿಗೆಗೆ ತಲೆಯಿಟ್ಟು ಬಾಗಿದ್ದ ಅವ್ವ ಆ ಸಪ್ಪಳಕ್ಕೆ ಗಕ್ಕನೆ ತಲೆ ಎತ್ತಿದಳು. ಬೇರೆ ಯಾರೂ ತಿರುಗಿ ನೋಡಲಿಲ್ಲ. ಅವಳು ಎದ್ದು ಬಂದು ನನ್ನ ಬಾಯಿಯ ಮುಂದೆ ಕೈಯೊಡ್ಡಿದಳು.

“ಉಗುಳು,” ಎಂದಳು.

ಉಗುಳಿದೆ. ಅವಳು ನನ್ನ ಕೈ ಹಿಡಿದು ಒಂದೊಂದೇ ಉಗುರನ್ನು ಬೆರಳಿನಿಂದ ಸವರಿದಳು, ಬಗ್ಗಿ ಪಾದ ಮುಟ್ಟಿ ನೋಡಿದಳು. ಮಗನ ಪಾದ ಮುಟ್ಟಬಾರದು ಅವ್ವಾ ಎಂದೆ. ಅವಳು ಗದ್ದಿಗೆಯ ಕಡೆಗೆ ತಿರುಗಿಯೂ ನೋಡದೆ ಕಾರಿನಲ್ಲಿ ಹೋಗಿ ಕುಳಿತಳು. ಮಾವನ ಮಗನೇ ಗಾಡಿ ನಡೆಸಿದ. ದಾರಿಯಲ್ಲಿ ಅವ್ವ ಆಡಿದ್ದು ಒಂದೇ ಮಾತು, “ಬೈಲಹೊಂಗಲಕ್ಕ ಬ್ಯಾಡ. ಸೀದಾ ಬೆಳಗಾವಿಗೆ ಹೊಡಿ.”

ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು ಬೈದ ಬೈಗುಳ ನನಗೆ ಸಲ್ಲತಕ್ಕದ್ದೇ. ಇಷ್ಟು ಕಡಿಮೆ ರಕ್ತದಲ್ಲಿ ಕಾರು ನಡೆಸುತ್ತಿದ್ದಿರಾ, ಹೃದಯ ಯಾವಾಗ ಬೇಕಾದರೂ ಕೈಕೊಡುತ್ತಿತ್ತು ಎಂದರು. ಹೆಂಡತಿ ಬೈಲಹೊಂಗಲದಿಂದ ಬಂದವಳೇ ಗುಳಿಗೆಯ ಡಬ್ಬಿಯನ್ನು ಮಂಚದ ಪಕ್ಕದಲ್ಲಿಟ್ಟಳು. ತೋಳಿಗೆ ಸೂಜಿ ಚುಚ್ಚಿ ರಕ್ತ ಏರಿಸತೊಡಗಿದರು. ಮೈಯಲ್ಲಿ ಕಬ್ಬಿಣಾಂಶ ತೀರಾ ಕಡಿಮೆಯಾದವರಿಗೆ ಮಣ್ಣು, ಸುಣ್ಣ, ಬೂದಿ ತಿನ್ನಬೇಕೆನಿಸುತ್ತದೆ, ಅದು ಕಾಯಿಲೆಯ ಲಕ್ಷಣ ಎಂದು ಡಾಕ್ಟರು ಅವ್ವನಿಗೆ ತಿಳಿಸಿ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

“ಈ ಕಬ್ಬಿಣದ ಗುಳಿಗಿ ಹಿಂದಕ್ಕೂ ಇದ್ವೇನ್ರಿ? ನಾ ಸಣ್ಣಾಕಿ ಇದ್ದಾಗ?”

“ಇದ್ದುವು ಅಜ್ಜಿ, ಆಗಲೂ ಇದ್ದುವು,” ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಅವ್ವ ಸ್ಟೂಲಿನ ಮೇಲೆ ಕುಳಿತೇ ಇದ್ದಳು. ನನಗಲ್ಲ, ತನಗೇ ಹೇಳಿಕೊಂಡಂತೆ ಮಾತಾಡಿದಳು. “ಅಕ್ಕಗ ನಾನ ತಂದ ಕೊಡತಿದ್ನಿ. ಮಠಕ್ಕ ಓಡಿಹೋಗಿ ಲಂಗದ ಮಡಲಾಗ ಕಟಗೊಂಡು. ಯಾರಿಗೂ ಹೇಳಬ್ಯಾಡ ತಂಗಿ ಅಂತಿದ್ಲು. ಕಟಂ ಕಟಂ ಅಂತ ತಿಂದು ನಗತಿದ್ಲು. ನಿನಗೂ ನಾನ ತಂದ ಕೊಟ್ನೆಲ್ಲೋ.”

ಅವಳಿಗೆ ಏನಾದರೂ ಸಮಾಧಾನ ಹೇಳಬೇಕಿತ್ತು. ಆದರೆ ನನ್ನ ಕಣ್ಣು ಅವಳ ಹಣೆಯ ಮೇಲಿತ್ತು. ಗದ್ದಿಗೆಯಲ್ಲಿ ಹಚ್ಚಿಕೊಂಡ ದಪ್ಪ ಮೂರು ಗೆರೆಗಳು ಬೆವರಿಗೆ ಹಸಿಯಾಗಿದ್ದವು. ನನ್ನ ಬಾಯಲ್ಲಿ ನೀರೂರುತ್ತಿತ್ತು. ಮುಖ ತಿರುಗಿಸಬೇಕೆಂದರೂ ಆಗಲಿಲ್ಲ.

ನಾನು ಎಲ್ಲಿ ನೋಡುತ್ತಿದ್ದೇನೆ ಎಂಬುದನ್ನು ಅವ್ವ ಕಂಡಳು. ಲೋಟದ ನೀರಿನಲ್ಲಿ ಸೆರಗಿನ ತುದಿಯನ್ನು ಅದ್ದಿದಳು. ಹಣೆಯನ್ನು ಒಂದು ಸಲ ಒರೆಸಿದಳು, ಗೆರೆ ಉಳಿದಿರಬಹುದೆಂದು ಇನ್ನೊಂದು ಸಲ ತಿಕ್ಕಿ ಒರೆಸಿದಳು. ಆಮೇಲೆ ಆ ಬರಿಯ ಹಣೆಯಲ್ಲಿಯೇ ನನ್ನ ಪಕ್ಕಕ್ಕೆ ಸರಿದು ಕುಳಿತು, ಡಬ್ಬಿಯಿಂದ ಗುಳಿಗೆ ತೆಗೆದು, “ಬಾಯಿ ತಗಿ,” ಎಂದಳು.