ಕತ್ತಿ ಮೇಲೆ ಬಂದ ಮಳೆ

ಗಂಡನ ವರ್ಗಾವಣೆಯಿಂದ ಬೈಲಹೊಂಗಲಕ್ಕೆ ಬಂದು ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದ ಮೈಸೂರು ಕಡೆಯ ಹುಡುಗಿಯ ಉದ್ಯೋಗ ಮಳೆ ಸುರಿಸುವುದು. ಆನ್‌ಲೈನ್ ಆಟವೊಂದರ ಮಾಯಾರಾಜ್ಯಕ್ಕೆ ಬಿಸಿಲು, ಮಂಜು, ಮಳೆಗಾಲ ಎಲ್ಲವನ್ನೂ ಅವಳೇ ಲ್ಯಾಪ್‌ಟಾಪಿನಲ್ಲಿ ತಯಾರಿಸುತ್ತಿದ್ದಳು. ನಿಜವಾದ ಆಕಾಶವನ್ನು ಅವಳು ನೋಡಿದ್ದನ್ನು ನಾನು ಕಾಣೆ. ಹೆಪ್ಪು ಕೇಳಲು ಬಂದಾಗಲೆಲ್ಲ ಖಾಲಿ ಬಟ್ಟಲನ್ನು ತಲೆಯ ಮೇಲೆ ಬೋರಲಾಗಿ ಹಿಡಿದು, "ಮಳೆ ಕೆಟ್ಟಿದೆ ಆಂಟಿ" ಎನ್ನುವಳು, ಮಿಕ್ಸರ್ ಕೆಟ್ಟಿದೆ ಎಂಬಂತೆ.

ಒಂದು ಶುಕ್ರವಾರ ಬಟ್ಟಲು ಕೈಯಲ್ಲೇ ಉಳಿಯಿತು. "ಎಲ್ಲಾ ಮಳೆನೂ ಒಂದೇ ಥರ ಅಂತ ಆಡೋರು ಬೈತಿದ್ದಾರೆ. ಸೋಮವಾರ ಹೊಸದು ತೋರಿಸದಿದ್ರೆ ಕೆಲಸ ಹೋಗುತ್ತೆ ಆಂಟಿ."

ಪಂಚಾಂಗ ನೋಡುತ್ತಿದ್ದ ನಮ್ಮ ಅತ್ತೆ ಕೇಳಿದರು: "ನಿನ್ನ ಮಳಿಗೆ ವಾಹನ ಯಾವುದವಾ? ನಮ್ಮ ಮಳಿ ಒಂದೊಂದು ಒಂದೊಂದರ ಮ್ಯಾಲ ಬರತೈತಿ. ಈ ಸಲ ಆರಿದ್ರಾ ಮಳಿ ಕತ್ತಿ ಮ್ಯಾಲ ಐತಿ ನೋಡು."

ಹುಡುಗಿ ಅದನ್ನು ಅಂಗೈಯಲ್ಲಿ ಬರೆದುಕೊಂಡು ಓಡಿದಳು.

ಸೋಮವಾರ ಸಂಜೆ ಪೇಢೆ ಹಿಡಿದು ಬಂದಳು. ಆಟದಲ್ಲಿ ಯಾರು ಕತ್ತಿ ಹಿರಿದರೂ ಅವರ ತಲೆಯ ಮೇಲೆ ಮಳೆ ಸುರಿಯುತ್ತದಂತೆ. ವೀರರೆಲ್ಲ ತೊಯ್ದು ತೊಪ್ಪೆಯಾಗಿ ಜಗಳವನ್ನೇ ಬಿಟ್ಟಿದ್ದಾರಂತೆ. ಕೆಲಸ ಉಳಿದಿತ್ತು.

"ಹಿರಿಯೂದಂದ್ರ?" ಎಂದರು ಅತ್ತೆ. "ಕತ್ತಿ ಬಾಲಾ ಹಿಡದ ಎಳೀತಾರೇನು?"

ಆಗ ನನಗೆ ಹೊಳೆಯಿತು. ಪಂಚಾಂಗದಲ್ಲಿ ಮಳೆಗಳ ವಾಹನವೆಂದರೆ ಪ್ರಾಣಿ, ನಮ್ಮ ಕಡೆ ಕತ್ತೆಗೆ ಕತ್ತಿ ಎನ್ನುತ್ತಾರೆಂದು ಹುಡುಗಿಗೆ ತಿಳಿಸಿದೆ. ಹುಡುಗಿ ಪೇಢೆ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ತಲೆಯ ಮೇಲಿಟ್ಟುಕೊಂಡಳು. "ಮಳೆ ಕೆಟ್ಟಿದೆ ಆಂಟಿ."

"ಇರಲಿ ಬಿಡವಾ." ಅತ್ತೆ ಕಿಟಕಿಯಾಚೆಯ ಒಣ ಆಕಾಶ ನೋಡಿದರು. "ನಮ್ಮ ಕತ್ತಿ ಇನ್ನೂ ಕಿತ್ತೂರ ದಾಟಿಲ್ಲ. ನಿಂದಾದ್ರೂ ಬಂತಲ್ಲ."