ಅಣ್ಣನ ಪೇರಲ ಗಿಡಕ್ಕೆ ಕದ್ದು ಹಾಕಿದ ನೀರು

ಮೂಡಲಗಿ ಸೀಮೆಯಲ್ಲಿ ನೀರೆಂದರೆ ಬಾವಿ, ಬಾವಿಯೆಂದರೆ ಎತ್ತು ಎಂದು ನಡೆಯುತ್ತಿದ್ದ ಕಾಲ ಅದು. ನಾವಿನ್ನೂ ಮುಂಬಯಿ ರಾಜ್ಯದವರು. ನನಗೆ ಎಂಟು ವರ್ಷ. ಊರ ಹೊರಗೆ ನಮ್ಮದೊಂದು ಪೇರಲ ತೋಟವಿತ್ತು, ನಲವತ್ತು ಗಿಡಗಳದ್ದು. ಚಳಿಗಾಲ ಬಂತೆಂದರೆ ಮನೆಯ ಹಾಸಿಗೆ, ನನ್ನ ಪಾಟಿಚೀಲ, ಅವ್ವನ ಸೆರಗು ಎಲ್ಲಕ್ಕೂ ಪೇರಲ ಹಣ್ಣಿನದೇ ವಾಸನೆ. ಅರೆಗಾಯಿ ಕಚ್ಚಿ, ಉಪ್ಪುಖಾರ ಒತ್ತಿಕೊಂಡು, ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ತಿಂದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಉಳಿದದ್ದನ್ನು ಬುಟ್ಟಿಗೆ ತುಂಬಿ, ಮೇಲೆ ಎಲೆ ಮುಚ್ಚಿ, ಅಪ್ಪ ಚಕ್ಕಡಿಯಲ್ಲಿ ಘಟಪ್ರಭಾ ಸ್ಟೇಶನ್ನಿಗೆ ಒಯ್ಯುತ್ತಿದ್ದ.

ಬಾವಿಯ ಆಚೆ ಮೂಲೆಯಲ್ಲಿದ್ದ ಗಿಡ ನನ್ನ ಅಣ್ಣ ಈರಣ್ಣನದು. ಸಸಿ ತಂದು ನೆಟ್ಟವನು ಅವನೇ. ಒಂದು ಕಾಯಿಯೂ ಬಿಟ್ಟಿರದ ಆ ಗಿಡದ ಹಣ್ಣು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ನನಗೆ ಮೊದಲೇ ತಾಕೀತು ಮಾಡಿದ್ದ. ಅಂಥ ಜಿಪುಣ. ಹಿಂದಿನ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡ. ಹನ್ನೆರಡು ವರ್ಷದವನು.

ಮರುವರ್ಷ ಅವನ ಗಿಡ ಮೊದಲ ಸಲ ಫಲಕ್ಕೆ ಬರುವುದಿತ್ತು. ಅದರ ಮೊದಲ ಹಣ್ಣನ್ನು ಅವನ ಸಮಾಧಿಯ ಮೇಲೆ ಇಡುವ ತನಕ ತಾನು ಪೇರಲ ತಿನ್ನುವುದಿಲ್ಲ ಎಂದು ಅವ್ವ ಹೇಳಿಬಿಟ್ಟಿದ್ದಳು. ತೋಟದ ಹಣ್ಣೆಲ್ಲ ಆರಿಸುವವಳು ಅವಳೇ. ಒಂದು ಚಳಿಗಾಲ ಪೂರ್ತಿ ಹಣ್ಣಿನ ರಾಶಿಯ ನಡುವೆ ಕೂತು, ಒಂದು ಹೋಳನ್ನೂ ಬಾಯಿಗೆ ಹಾಕಲಿಲ್ಲ.

ಪೇರಲ ಬೆಳೆಯುವವರಲ್ಲಿ ಆಗ ಒಂದು ಪದ್ಧತಿಯಿತ್ತು. ಬಿಸಿಲು ಏರಿದಂತೆ ಗಿಡಗಳಿಗೆ ನೀರು ನಿಲ್ಲಿಸುವುದು. ಅಷ್ಟೇ ಅಲ್ಲ, ಬುಡದ ಮಣ್ಣು ಕೆದರಿ ಬೇರನ್ನು ಬಿಸಿಲಿಗೆ ಬಿಚ್ಚಿಡುವುದು. ಎಲೆ ಹಳದಿಯಾಗಿ ಉದುರಿ ಗಿಡ ಬೋಳಾಗುತ್ತಿತ್ತು. ಆಮೇಲೆ ಗೊಬ್ಬರ ಹಾಕಿ ಬುಡ ಮುಚ್ಚಿ, ಮುಂಗಾರಿನ ಮಿರಗದ ಮಳೆಗೆ ಕಾಯುವುದು. ಈ ಕೆಲಸವೆಲ್ಲ ಭೀಮಪ್ಪ ಕಾಕಾನದು. ಅವನು ನಮ್ಮ ತೋಟದ ಆಳು. ಅಪ್ಪನೂ ಅವನನ್ನು ಕೇಳದೆ ಒಂದು ಟೊಂಗೆ ಕಡಿಯುತ್ತಿರಲಿಲ್ಲ.

ಅಣ್ಣನ ಗಿಡದ ಬೇರು ಬಿಚ್ಚಿದ ದಿನ ನಾನು ಕಾಕಾನ ಬೆನ್ನು ಹತ್ತಿದೆ.

"ಕಾಕಾ, ಇದು ಸಾಯಂಗಿಲ್ಲೇನು?"

"ಗಿಡಕ್ಕ ನಿನಕಿಂತ ಬುದ್ಧಿ ಐತಿ. ನೀರ ಸಿಗಂಗಿಲ್ಲಂತ ಗೊತ್ತಾದ ಕೂಡ್ಲೆ ಎಲಿಯಾಗಿನ ಸತ್ವಾ ಟೊಂಗಿಗೆ ಎಳಕೋತೈತಿ. ಖಾಲಿ ಎಲಿ ಅಷ್ಟ ಉದುರಸ್ತೈತಿ. ಕೂಡಿಟ್ಟದ್ದು ಮಳಿ ಬಂದ ಮ್ಯಾಲ ಹೂವಿಗೆ."

ನನಗೆ ನಂಬಿಕೆ ಬರಲಿಲ್ಲವೆಂದು ಅವನಿಗೆ ತಿಳಿಯಿತು. ಒಂದು ಕೈಯಲ್ಲಿ ಉದುರಿದ ಹಳದಿ ಎಲೆ, ಇನ್ನೊಂದರಲ್ಲಿ ಹಸಿರೆಲೆ ಹಿಡಿದು ನಮ್ಮ ಆಡಿನ ಮುಂದೆ ಚಾಚಿದ. ಆಡು ಹಳದಿ ಎಲೆಯನ್ನು ಮೂಸಿ ಬಿಟ್ಟು ಹಸಿರಿಗೆ ಬಾಯಿ ಹಾಕಿತು. ಹಳದಿಯಲ್ಲಿ ಏನೂ ಉಳಿದಿಲ್ಲವೆಂದು ಆಡಿಗೂ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ ಎಂದು ನಕ್ಕ.

ಮೂವತ್ತೊಂಬತ್ತು ಗಿಡಗಳ ಮಟ್ಟಿಗೆ ನಾನು ಆ ಮಾತನ್ನು ಒಪ್ಪಿಕೊಂಡೆ. ಒಂದರ ಮಟ್ಟಿಗೆ ಆಗಲಿಲ್ಲ. ಅಣ್ಣ ಜ್ವರದಲ್ಲಿ ಮೂರು ದಿನ ನೀರು ಕೇಳಿದ್ದ. ಜ್ವರದವರಿಗೆ ನೀರು ಕೊಡಬಾರದು ಎನ್ನುವುದು ಆಗಿನ ಹಿರಿಯರ ನಂಬಿಕೆ. ಅವ್ವ ಒದ್ದೆ ಅರಿವೆಯನ್ನು ತುಟಿಗೆ ಒತ್ತುತ್ತಿದ್ದಳು, ಅಷ್ಟೇ. ಬಾಗಿಲ ಬಳಿ ಕೂತು ನಾನು ಎಲ್ಲ ಕೇಳಿಸಿಕೊಂಡಿದ್ದೆ.

ಮಧ್ಯಾಹ್ನ ರೊಟ್ಟಿ ಉಂಡು ದೊಡ್ಡವರೆಲ್ಲ ಅಡ್ಡಾಗುವ ಹೊತ್ತಿಗೆ ನನ್ನ ಕಳ್ಳತನ ಶುರುವಾಯಿತು. ದನ ಕುಡಿಯುವ ಕಲ್ಲಿನ ಬಾನಿಯಿಂದ ಸಣ್ಣ ಕೊಡದಲ್ಲಿ ನಾಲ್ಕು ಸಲ ನೀರು ತಂದು ಬಿಚ್ಚಿದ ಬೇರಿಗೆ ಹುಯ್ಯುತ್ತಿದ್ದೆ. ಒದ್ದೆ ಕಾಣದಂತೆ ತರಗೆಲೆ ಹರಡುತ್ತಿದ್ದೆ. ಬೆಳಿಗ್ಗೆ ಬಯಲಿಗೆ ಹೋಗುವಾಗ ಒಯ್ಯುವ ತಂಬಿಗೆಯ ನೀರನ್ನೂ ಎಷ್ಟೋ ಸಲ ಆ ಗಿಡಕ್ಕೇ ಸುರಿದಿದ್ದೇನೆ. ನನ್ನ ಗತಿ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ.

ತೋಟವೆಲ್ಲ ಬೋಳಾಗಿ ನಿಂತಾಗ ಅದೊಂದೇ ಗಿಡ ಹಸಿರಾಗಿತ್ತು. ನೋಡಿದವರು ಹುಡುಗನ ಪುಣ್ಯ ಎಂದರು. ಅವ್ವ ಸಂಜೆ ಬಂದು ಅದರ ಎಲೆ ಸವರುತ್ತ ನಿಲ್ಲುತ್ತಿದ್ದಳು. ಒಂದು ವರ್ಷದ ಮೇಲೆ ಅವಳ ಮುಖದಲ್ಲಿ ಗೆಲುವು ಕಂಡಿದ್ದು ಆಗಲೇ. ನನಗೆ ಎಷ್ಟು ಹೆಮ್ಮೆಯೆಂದರೆ, ಮರುದಿನದಿಂದ ಐದು ಕೊಡ ಹಾಕತೊಡಗಿದೆ.

ಮಿರಗದ ಮಳೆ ಚೆನ್ನಾಗಿಯೇ ಬಂತು. ಮಣ್ಣಿನ ವಾಸನೆಗೆ ನಾವು ಮಕ್ಕಳೆಲ್ಲ ಅಂಗಳದಲ್ಲಿ ಕುಣಿದೆವು. ತಿಂಗಳೊಳಗೆ ಮೂವತ್ತೊಂಬತ್ತು ಗಿಡಗಳ ಚಿಗುರಿನ ಕಂಕುಳಲ್ಲೆಲ್ಲ ಬಿಳಿ ಹೂವು. ಅಣ್ಣನ ಗಿಡ ಮಾತ್ರ ಎಲೆ ದಟ್ಟ ಮಾಡಿಕೊಂಡು ಎತ್ತರಕ್ಕೆ ಹೋಯಿತು. ಅವ್ವ ದಿನವೂ ಟೊಂಗೆ ಬಗ್ಗಿಸಿ ಹುಡುಕುತ್ತಿದ್ದಳು. ಕೊನೆಗೆ ಭೀಮಪ್ಪ ಕಾಕಾನನ್ನು ಕರೆಸಿ, ಇದು ಯಾಕೆ ಹೂ ಬಿಡಲಿಲ್ಲ ಎಂದು ಕೇಳಿದಳು.

ಅವನು ತಲೆ ಕೆರೆದುಕೊಂಡ. ಬುಡ ಮುಚ್ಚುವಾಗಲೇ ತರಗೆಲೆಯ ಕೆಳಗಿನ ಹಸಿಯನ್ನು ಅವನು ನೋಡಿದ್ದನಂತೆ.

"ಇದಕ್ಕ ನೀರ ಬಿದ್ದೈತ್ರಿ, ಅವ್ವಾರ. ಕೂಡಿಡೂ ಪ್ರಸಂಗನ ಬರಲಿಲ್ಲ. ಎಲ್ಲಾ ಎಲಿಗೆ ಹಾಕಿ ಕುಂತೈತಿ."

ಯಾರು ಹಾಕಿದರು ಎಂದು ಅವ್ವ ಕೇಳಿದಳು. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಸುಳ್ಳು ಹೇಳುತ್ತಿದ್ದೆನೋ ಏನೋ. ನಾನೇ ಹಾಕಿದೆ ಎಂದೆ. ಇನ್ನೊಂದು ವರ್ಷ ಅವ್ವ ಹಣ್ಣು ತಿನ್ನುವಂತಿಲ್ಲ, ಅಣ್ಣನ ಸಮಾಧಿಗೆ ಹಣ್ಣಿಲ್ಲ, ಎಲ್ಲ ನನ್ನಿಂದಲೇ. ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ.

"ಯಾಕ ಹಾಕಿದಿ?"

"ಅಣ್ಣ ಕೇಳಿದ್ನಲ್ಲವ್ವಾ."

ಅವ್ವ ಗಿಡದ ಬುಡದಲ್ಲಿ ಕೂತುಬಿಟ್ಟಳು. ಭೀಮಪ್ಪ ಕಾಕಾ ಎತ್ತಿಗೆ ಮೇವು ಹಾಕುವ ನೆಪದಲ್ಲಿ ದೂರ ಹೋದ. ಅವ್ವ ನನ್ನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, "ನೀನರೆ ಕೊಟ್ಟಿ" ಎಂದಳು.

ಮುಂದಿನ ಬೇಸಿಗೆಯಲ್ಲಿ ಆ ಗಿಡದ ಬೇರನ್ನು ಅವ್ವ ತಾನೇ ಬಿಚ್ಚಿದಳು. ನಾನು ಮುಖ ತಿರುಗಿಸಿ ನಿಂತಿದ್ದೆ. ಗಿಡಕ್ಕೆ ಮಳೆ ಬರುತ್ತದೆ, ಅಂಜಬೇಡ ಎಂದಳು. ಮಳೆ ಬಂತು, ಹೂ ಬಂತು. ಚಳಿಗಾಲದಲ್ಲಿ ಮೊದಲ ಹಣ್ಣನ್ನು ಸಮಾಧಿಯ ಮೇಲೆ ಇಟ್ಟು, ಎರಡನೆಯದನ್ನು ಒಡೆದು ಅರ್ಧ ನನಗೆ ಕೊಟ್ಟು ಅರ್ಧ ತಾನು ತಿಂದಳು. ಅಷ್ಟು ಸಿಹಿಯಾದ ಪೇರಲ ಆಮೇಲೆ ನನಗೆ ಸಿಕ್ಕಿಲ್ಲ. ಸಿಕ್ಕಿದ್ದರೂ ನಾನು ಒಪ್ಪುವುದಿಲ್ಲ.

ಅವ್ವ ಹೋದಳು, ಭೀಮಪ್ಪ ಕಾಕಾ ಹೋದ. ಎಲೆ ನೋಡಿ ಗಿಡದ ಹೊಟ್ಟೆಯ ಸಂಗತಿ ಹೇಳುವವರು ಈಗ ಆ ಕಡೆ ಯಾರಿದ್ದಾರೋ ತಿಳಿಯದು. ಹೋದ ವರ್ಷ ಹೋಗಿ ನೋಡಿದೆ. ತೋಟವಿದ್ದಲ್ಲಿ ಬದುವಿನ ತನಕ ಕಬ್ಬು ನಿಂತಿದೆ. ಅಣ್ಣನ ಗಿಡವಿದ್ದ ಮೂಲೆಯಲ್ಲಿ ಪೈಪಿನಿಂದ ನೀರು ಸುರಿದು ಕಾಲುವೆಯಾಗಿ ಹರಿಯುತ್ತಿತ್ತು. ಚಪ್ಪಲಿ ಬಿಟ್ಟು ಅದರಲ್ಲಿ ಸ್ವಲ್ಪ ಹೊತ್ತು ನಿಂತೆ. ಈಗ ಅಲ್ಲಿ ಬೇಕಾದಷ್ಟು ನೀರಿದೆ. ಕೇಳುವವನಿಲ್ಲ.