ಸತ್ತ ರಾಜಕುಮಾರನ ಹಾಲು

ಕೇಳಿರಿ, ಗದ್ವಾಲದ ಮಹಾಜನರೇ, ಮೊಬೈಲು ಹಿಡಿದು ಕೂತ ಸಭಿಕರೇ! ಇಂದು ಸೀರೆ ಜಾಹೀರಾತಿನ ಮ್ಯಾನೇಜರು ನಮ್ಮ ಮನೆಗೆ ಬಂದಿದ್ದ. ತಾಯಿಯ ಮಡಿಲಲ್ಲಿ ನಿದ್ದೆಹೋದ ಮಗುವಿನ ಪಾತ್ರಕ್ಕೆ ನನ್ನ ಮೊಮ್ಮಗಳು ಬೇಕಂತೆ. ಶೂಟಿಂಗಿನಲ್ಲಿ ಇದನ್ನೇ ಕುಡಿಸುತ್ತೇವೆಂದು ಫ್ಲಾಸ್ಕು ತೆರೆದ. ಗಸಗಸೆ ಹಾಲಿನ ವಾಸನೆ! ನೆನಪಿನಲ್ಲೇ ನಾನು ಬಾಲ್ಯದ ಮಕ್ತಲದ ನಾಟಕದ ಡೇರೆಗೆ ಹೋಗಿಬಿಟ್ಟೆ.

ಅಲ್ಲಿ ನಾನು ಸತ್ತ ರಾಜಕುಮಾರ. ಹೆಣ ಅಲುಗಬಾರದೆಂದು ಕಂಪನಿಯ ಮಾಲೀಕರು ಪ್ರವೇಶಕ್ಕೆ ಮೊದಲು ಹಿತ್ತಾಳೆ ಲೋಟದ ತುಂಬ ಗಸಗಸೆ ಹಾಲು ಕುಡಿಸುತ್ತಿದ್ದರು. ಮರುದಿನ ಮಧ್ಯಾಹ್ನದವರೆಗೂ ನನಗೆ ಎಚ್ಚರವಾಗುತ್ತಿರಲಿಲ್ಲ. ಒಮ್ಮೆ ಅವ್ವ ಪರದೆ ಸರಿಸಿ ಒಳಗೆ ನುಗ್ಗಿದಳು.

“ಮಾಲಕರ, ಇದನ್ನ ಮೊದಲು ನೀವು ಕುಡೀರಿ.”

“ಯವ್ವಾ, ನಾ ಹಾರ್ಮೋನಿಯಂ ಬಾರಿಸಬೇಕಲ್ಲ!”

“ಹಂಗಾರ ನನ್ನ ಮಗ ನಾಳೆ ಸಾಲಿಗೆ ಹೋಗಬೇಕ್ರಿ!”

ಆವತ್ತು ಹಾಲು ಕುಡಿಯದ ಹೆಣ ಕಣ್ಣು ಪಿಳುಕಿಸಿತು, ಡೇರೆಯೆಲ್ಲ ನಕ್ಕಿತು.

ಈಗ ಮಕ್ಕಳನ್ನು ನಟನೆಗೆ ಒಯ್ಯಲು ಕಲೆಕ್ಟರರ ಪರವಾನಗಿ ಬೇಕು. ಕೇಳಿದರೆ ಮ್ಯಾನೇಜರು, “ಐತ್ರಿ ತಾತಾ, ಆಫೀಸಿನಾಗ ಐತಿ. ಪಾಪು ತಾನ ಮಲಗ್ತಾಳ ಬಿಡ್ರಿ,” ಎಂದು ಹಲ್ಲು ಕಿರಿದ. ಅಷ್ಟೊಂದು ದೀಪಗಳ ನಡುವೆ ಯಾವ ಮಗು ತಾನಾಗಿ ಮಲಗುತ್ತದೆ?

ನಾಳೆ ಬೆಳಿಗ್ಗೆ ಶೂಟಿಂಗು ನಡೆಯುವ ಜೂರಾಲ ಅಣೆಕಟ್ಟೆಗೆ ಮೊಮ್ಮಗಳಿಗಿಂತ ಮೊದಲು ನಾನೇ ಹೋಗುತ್ತೇನೆ. ಪರವಾನಗಿಯನ್ನು ಕಣ್ಣಾರೆ ನೋಡುತ್ತೇನೆ. ಆಮೇಲೆ ಆ ಹಾಲಿನ ಮೊದಲ ಲೋಟವನ್ನು ಮ್ಯಾನೇಜರಿಗೆ ಕುಡಿಸುತ್ತೇನೆ!